ಅಡ್ಡಗೆರೆಯ ಏಳು

ಗುಂಡ್ಲುಪೇಟೆಯ ಮೀಟರ್ ರೀಡರ್ ಕರಿಬಸವಯ್ಯ ಏಳನ್ನು ಬರೆಯುವಾಗ ಅದರ ನಡುವಿಗೊಂದು ಅಡ್ಡಗೆರೆ ಎಳೆಯುತ್ತಿದ್ದ. ಗೆರೆಯಿಲ್ಲದಿದ್ದರೆ ಏಳನ್ನು ಒಂದು ಎಂದು ತಿದ್ದುವವರಿರುತ್ತಾರೆ, ಒಂದನ್ನು ಏಳು ಮಾಡಿಕೊಂಡು ಕಚೇರಿಗೆ ಬಂದು ಜಗಳ ತೆಗೆಯುವವರೂ ಇರುತ್ತಾರೆ ಎಂಬುದು ಅವನ ಲೆಕ್ಕಾಚಾರ. ಹಾಗೆ ಯಾರಾದರೂ ಮಾಡಿದ್ದನ್ನು ಅವನೇನೂ ಕಣ್ಣಾರೆ ಕಂಡಿರಲಿಲ್ಲ. ಕಾಣಲಿಲ್ಲ ಎಂದ ಮಾತ್ರಕ್ಕೆ ನಡೆದಿಲ್ಲ ಎಂದು ನಂಬುವ ಆಸಾಮಿಯೂ ಅವನಲ್ಲ. ಮನೆಮನೆಗೆ ಹೋಗಿ ಕರೆಂಟಿನ ಮೀಟರು ನೋಡಿ, ಪಕ್ಕದ ಮೊಳೆಗೆ ನೇತುಹಾಕಿದ ಕಾರ್ಡಿನಲ್ಲಿ ರೀಡಿಂಗು ಬರೆಯುವುದು ಅವನ ಕೆಲಸ. ಬಿಲ್ಲು ಮುದ್ರಿಸುವ ಯಂತ್ರ ಇನ್ನೂ ಅವನ ಹೆಗಲಿಗೆ ಬಂದಿರದ ಕಾಲ ಅದು. ಹಾಗಾಗಿ ಅವನ ಪಾಲಿಗೆ ಬಂದಿದ್ದ ಪಕ್ಕದ ಬೇಗೂರಿನಲ್ಲಿ ಯಾವ ಮನೆಗೆ ಹೋದರೂ ಗೋಡೆಯ ಮೇಲೆ ಕರಿಬಸವಯ್ಯನ ಅಡ್ಡಗೆರೆಯ ಏಳು ಸಿಗುತ್ತಿತ್ತು.

ವರ್ಷಗಟ್ಟಲೆ ಪರರ ಮೀಟರು ನೋಡಿದವನಿಗೆ ಲೋಕದಲ್ಲಿ ಎಲ್ಲ ವೈರೂ ತಿರುಚಿದಂತೆಯೇ ಕಾಣುತ್ತದೆ. ಫ್ರಿಜ್ಜಿರುವ ಮನೆಯಲ್ಲಿ ರೀಡಿಂಗು ಕಡಿಮೆ ಬಂದರೆ ಅವನು ಮೀಟರಿನ ಹಿಂದಕ್ಕೆ ಬಗ್ಗಿ ನೋಡುತ್ತಿದ್ದ. ಜಾಸ್ತಿ ಬಂದರೆ, ಇವರು ಪಕ್ಕದ ಮನೆಗೆ ಯಾಕೆ ಕರೆಂಟು ಕೊಟ್ಟಿದ್ದಾರೆ ಎಂದು ಯೋಚಿಸುತ್ತಿದ್ದ. ಹಾಲು ಹಾಕುವವಳು ಎಂದಿಗಿಂತ ಹೆಚ್ಚು ನಕ್ಕರೆ ಆವತ್ತು ನೀರು ಜಾಸ್ತಿ ಬಿದ್ದಿದೆ ಎಂದೇ ಅರ್ಥ. "ನಿಮ್ಮನ್ನ ಕಟ್ಕೊಂಡು ನಾನೂ ಒಂದು ಮೀಟ್ರಾಗೋದೆ ಕಣ್ರೀ. ದಿನಾ ಬಗ್ಗಿ ನೋಡ್ತೀರಿ," ಎಂದು ಹೆಂಡತಿ ಶಶಿರೇಖಾ ಅನ್ನುತ್ತಿದ್ದಳು. ಆಕೆ ಹಾಗೇಕೆ ಅಂದಳು ಎಂದು ಅವನು ಮತ್ತೆ ಎರಡು ದಿನ ತಲೆ ಕೆಡಿಸಿಕೊಳ್ಳುತ್ತಿದ್ದ.

ಓಡಲು ಶುರುಮಾಡಿದ್ದೂ ಅನುಮಾನದಿಂದಲೇ. ನಲವತ್ತರ ಹತ್ತಿರ ಬಂದಾಗ ಡಾಕ್ಟರು ಬಿಪಿ ಇದೆ ಎಂದರು, ದಿನಕ್ಕೊಂದು ಗುಳಿಗೆ ಬರೆದುಕೊಟ್ಟು ಜೀವನಪೂರ್ತಿ ನುಂಗಬೇಕು ಎಂದರು. ಜೀವನಪೂರ್ತಿ ಎಂಬ ಮಾತು ಕರಿಬಸವಯ್ಯನಿಗೆ ಸರಿಬರಲಿಲ್ಲ. ಗುಳಿಗೆ ಬಿಡುವಷ್ಟು ಧೈರ್ಯವೂ ಇರಲಿಲ್ಲ. ಗುಳಿಗೆ ನುಂಗಿಕೊಂಡೇ, ಡಾಕ್ಟರನ್ನು ಸುಳ್ಳು ಮಾಡಲು ಬೆಳಗಿನ ಜಾವ ಮೈಸೂರು ರಸ್ತೆಯಲ್ಲಿ ಬೇಗೂರಿನ ಕಡೆಗೆ ಓಡತೊಡಗಿದ. ಆರು ತಿಂಗಳಿಗೆ ಬಿಪಿ ಇಳಿಯಿತು. ಆಗ ಅವನಿಗೆ ಡಾಕ್ಟರ ಯಂತ್ರದ ಮೇಲೇ ಸಂಶಯ ಬಂತು.

2001ರಲ್ಲಿ ಚಾಮರಾಜನಗರದಲ್ಲಿ ಒಂದು ಸಂಘದವರು ಹತ್ತು ಕಿಲೋಮೀಟರ್ ಓಟ ಇಟ್ಟರು. ಕರಿಬಸವಯ್ಯನ ಮೊದಲ ಸ್ಪರ್ಧೆ ಅದು. ಎದೆಗೆ ನಂಬರು ಚುಚ್ಚಿಸಿಕೊಂಡ. ದಾರಿಯಲ್ಲಿ ಕೊಟ್ಟ ಗ್ಲೂಕೋಸ್ ನೀರನ್ನು ಪಕ್ಕದವನು ಕುಡಿದು ಇಪ್ಪತ್ತು ಹೆಜ್ಜೆ ಓಡುವವರೆಗೆ ಕಾದು, ಆಮೇಲೆ ಬಾಯಿಗಿಟ್ಟ. ಉದ್ದಕ್ಕೂ ಕರೆಂಟಿನ ಕಂಬ ಎಣಿಸಿದ. ಕಂಬದಿಂದ ಕಂಬಕ್ಕೆ ಐವತ್ತು ಮೀಟರಾದರೆ ಹತ್ತು ಕಿಲೋಮೀಟರಿಗೆ ಇನ್ನೂರು ಕಂಬ ಬೇಕು, ಸಿಕ್ಕಿದ್ದು ನೂರ ಎಪ್ಪತ್ತಾರು. ಮುಗಿದ ಕೂಡಲೇ ಹೋಗಿ, ನಿಮ್ಮ ಹತ್ತು ಎಂಟೂ ಮುಕ್ಕಾಲೇ ಇದೆ ಎಂದ. ಅವರು ಒಂದು ಬಾಳೆಹಣ್ಣು, ಒಂದು ಪ್ರಮಾಣಪತ್ರ ಕೈಗಿಟ್ಟು, ಮುಂದಿನ ವರ್ಷ ನೀವೇ ಬಂದು ಅಳೆದುಕೊಡಿ ಸಾರ್ ಎಂದು ಕಳಿಸಿದರು. ಆದರೆ ಗುಂಡ್ಲುಪೇಟೆಯ ಬಸ್ಸಿನಲ್ಲಿ ಕೂತಾಗ ಅವನಿಗೆ ಸಂತೋಷವಾಗಿತ್ತು. ಅಷ್ಟು ಜನರ ನಡುವೆ ಓಡುತ್ತಿದ್ದಾಗ ಯಾರೂ ತನ್ನಿಂದ ಏನನ್ನೂ ಮುಚ್ಚಿಡುತ್ತಿಲ್ಲ ಎಂದು ಸ್ವಲ್ಪ ಹೊತ್ತಾದರೂ ಅನ್ನಿಸಿತ್ತು.

ಆ ಸಂತೋಷ ಕೆಡಿಸಿದವನು ಪುಟ್ಟರಾಜು.

ಗುಂಡ್ಲುಪೇಟೆಯಲ್ಲೇ ಒಂದು ಗೆಳೆಯರ ಬಳಗ 2002ರಿಂದ ಸಂಕ್ರಾಂತಿ ಕಳೆದ ಭಾನುವಾರ ಓಟ ನಡೆಸತೊಡಗಿತು. ಬಸ್ ನಿಲ್ದಾಣದಿಂದ ಊಟಿ ರಸ್ತೆಯಲ್ಲಿ ಹಂಗಳದ ಕಡೆಗೆ ಐದು ಕಿಲೋಮೀಟರು, ಅಲ್ಲಿಂದ ತಿರುಗಿ ಐದು. ನಲವತ್ತು ದಾಟಿದವರಿಗೆ ಬೇರೆ ಬಹುಮಾನ. ತಿರುವಿನವರೆಗೂ ಹೋದದ್ದಕ್ಕೆ ಗುರುತಾಗಿ ಅಲ್ಲಿ ಎಡ ಮುಂಗೈಗೆ ಅರಿಸಿನ ಕಲಸಿದ ಬೊಟ್ಟು ಇಡುತ್ತಿದ್ದರು. ಮೊಹರಿನ ಶಾಯಿ ಬೆವರಿಗೆ ಅಳಿಸುತ್ತದೆ, ಅರಿಸಿನ ಕಚ್ಚಿಕೊಳ್ಳುತ್ತದೆ, ಜೊತೆಗೆ ಶುಭವೂ ಹೌದು ಎಂದು ಬಳಗದ ಕಾರ್ಯದರ್ಶಿ ಸುಧಾಕರ್ ಮಾಡಿದ ಏರ್ಪಾಡು. ಪುಟ್ಟರಾಜು ಬೇಗೂರಿನ ಅರಿಸಿನದ ಗಿರಣಿಯಲ್ಲಿ ಆಳು. ಅವನ ಎರಡೂ ಕೈ ವರ್ಷವಿಡೀ ಮೊಣಕೈವರೆಗೆ ಹಳದಿ. ಬರಿಗಾಲಲ್ಲಿ ಓಡುತ್ತಿದ್ದ, ಏದುಸಿರು ಬಿಡುತ್ತಿರಲಿಲ್ಲ, ನಲವತ್ತು ದಾಟಿದವರಲ್ಲಿ ಪ್ರತಿ ವರ್ಷ ಮೊದಲು ಬರುತ್ತಿದ್ದ. ಕರಿಬಸವಯ್ಯ ಪ್ರತಿ ವರ್ಷ ಎರಡನೆಯವ. ಎರಡನೇ ಬಹುಮಾನ ಒಂದು ಸ್ಟೀಲ್ ಡಬ್ಬ. ಶಶಿರೇಖಾ ಒಂದರಲ್ಲಿ ತೊಗರಿಬೇಳೆ, ಇನ್ನೊಂದರಲ್ಲಿ ಕಡಲೆ ತುಂಬಿಟ್ಟಳು. ಒಂದೇ ಒಂದು ಸಲ ಮೊದಲನೆಯವನಾಗಬೇಕು ಎಂಬ ಆಸೆ ಅವನಿಗೆ ಊಟದ ಹೊತ್ತಿನಲ್ಲೂ ಆ ಡಬ್ಬಗಳಿಂದಲೇ ನೆನಪಾಗುತ್ತಿತ್ತು.

2004ರ ಓಟದ ದಿನ ದಟ್ಟ ಮಂಜು. ಕರಿಬಸವಯ್ಯ ಊಟಿ ರಸ್ತೆಯ ಕಂಬಗಳನ್ನು ಎಣಿಸಿದ್ದು ಅದೇ ಮೊದಲ ಸಲ. ಐದು ಕಿಲೋಮೀಟರಿಗೆ ನೂರು ಕಂಬ, ನೂರಕ್ಕೆ ತಿರುವು ಎಂದು ಲೆಕ್ಕ ಹಾಕಿಕೊಂಡೇ ಹೊರಟಿದ್ದ. ತೊಂಬತ್ತೊಂದನೆಯ ಕಂಬದ ಬಳಿ ಮಂಜಿನೊಳಗಿಂದ ಪುಟ್ಟರಾಜು ಎದುರಿಗೆ ವಾಪಸು ಬಂದ. ಕರಿಬಸವಯ್ಯನ ಎಣಿಕೆ ಅಲ್ಲಿಗೇ ನಿಂತುಹೋಯಿತು. ಇವನು ನಿಜವಾಗಿ ನೂರನೆಯ ಕಂಬ ಮುಟ್ಟಿ ಬರುವಷ್ಟು ವೇಗದವನಾಗಿದ್ದರೆ ಕೊನೆಯಲ್ಲಿ ತನಗಿಂತ ಎಂಟು ನಿಮಿಷವಾದರೂ ಮುಂದಿರಬೇಕು. ಓಟ ಮುಗಿದಾಗ ಇದ್ದದ್ದು ಮೂರೇ ನಿಮಿಷ. ಅಂದರೆ ಪುಟ್ಟರಾಜು ತಿರುವಿಗೆ ಹೋಗಿಯೇ ಇಲ್ಲ. ಮಂಜಿನಲ್ಲಿ ಮೊದಲೇ ತಿರುಗಿದ್ದಾನೆ, ಹಳದಿ ಕೈಗೆ ಬೊಟ್ಟು ಯಾಕೆ ಬೇಕು? ಮರುದಿನ ಹೋಗಿ ಕಂಬಗಳನ್ನು ಇನ್ನೊಮ್ಮೆ ಎಣಿಸಿ ನೋಡಬಹುದಿತ್ತು. ಆದರೆ ಖಾತ್ರಿಯಾದದ್ದನ್ನು ಯಾರು ಮತ್ತೆ ಎಣಿಸುತ್ತಾರೆ.

ಮೂರನೆಯ ಡಬ್ಬ ಅಡುಗೆಮನೆ ಸೇರಿದ ವಾರವೇ ಅವನೊಂದು ಮೂಗರ್ಜಿ ಬರೆದ. ಗುರುತು ಸಿಗದಿರಲೆಂದು ಎಡಗೈಯಲ್ಲಿ ಬರೆದ. 'ಎದೆ ನಂಬರ್ 77ರವನು ತಿರುವಿಗೆ ಹೋಗದೆ ಬಹುಮಾನ ಪಡೆದಿದ್ದಾನೆ. ಅವನ ಕೈ ಹುಟ್ಟಾ ಹಳದಿ. ನಿಯಮ ಬಿಗಿ ಮಾಡದಿದ್ದರೆ ಈ ಓಟಕ್ಕೆ ಮರ್ಯಾದೆ ಇಲ್ಲ.' ಗುಂಡ್ಲುಪೇಟೆಯಲ್ಲಿ ಅಂಚೆಗೆ ಹಾಕಿದರೆ ಮುದ್ರೆ ನೋಡಿ ಪತ್ತೆ ಹಚ್ಚಿಯಾರು ಎಂದು, ಕಚೇರಿ ಕೆಲಸಕ್ಕೆ ಚಾಮರಾಜನಗರಕ್ಕೆ ಹೋದಾಗ ಅಲ್ಲಿಯ ಡಬ್ಬಿಗೆ ಹಾಕಿ ಬಂದ. ಅಕ್ಷರವೆಲ್ಲ ಎಡಗೈಯದು, ಸೊಟ್ಟ ಸೊಟ್ಟ. ಎರಡೂ ಏಳಿನ ನಡುವಿಗೆ ಮಾತ್ರ ಒಂದೊಂದು ಅಡ್ಡಗೆರೆ ನೆಟ್ಟಗೆ ಬಿದ್ದಿತ್ತು. ಅದನ್ನು ಅವನು ಗಮನಿಸಲಿಲ್ಲ. ಆ ಗೆರೆ ಅವನಿಗೆ ಉಸಿರಾಟದಷ್ಟೇ ಸಹಜವಾಗಿತ್ತು.

ಮೂಗರ್ಜಿ ಕೆಲಸ ಮಾಡಿತು. 2005ರ ಓಟದ ಬೆಳಿಗ್ಗೆ ಸುಧಾಕರ್ ಮೈಕು ಹಿಡಿದು ಹೊಸ ನಿಯಮ ಹೇಳಿದ. ಈ ಸಲ ಅರಿಸಿನಕ್ಕೆ ಸುಣ್ಣ ಬೆರೆಸಿದ ಕೆಂಪು ಬೊಟ್ಟು. ಕೈಯಲ್ಲಿ ಕೆಂಪು ಇಲ್ಲದವರು ಯಾರೇ ಆಗಲಿ, ಎಷ್ಟನೆಯವರೇ ಆಗಲಿ, ಲೆಕ್ಕಕ್ಕಿಲ್ಲ. ಕರಿಬಸವಯ್ಯ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಆದರೂ ಅವನ ಮನಸ್ಸು ನಿಲ್ಲಲಿಲ್ಲ. ಸುಣ್ಣವೇನು ಬಂಗಾರವೇ, ಯಾರ ಮನೆಯಲ್ಲಾದರೂ ಸಿಗುತ್ತದೆ. ಪುಟ್ಟರಾಜು ಚಡ್ಡಿಯ ಜೇಬಿನಲ್ಲಿ ಕಲಸಿಟ್ಟುಕೊಂಡೇ ಬಂದಿರಬಹುದು. ಇವತ್ತು ಇವನ ಬೆನ್ನು ಬಿಡಬಾರದು, ಕಣ್ಣಾರೆ ನೋಡಿ ಕೈಯಾರೆ ಹಿಡಿಯಬೇಕು ಎಂದು ತೀರ್ಮಾನಿಸಿದ. ಅದಕ್ಕಾಗಿಯೇ ವರ್ಷವಿಡೀ ದಿನಕ್ಕೆರಡು ಹೊತ್ತು ಓಡಿ ಕಾಲು ಗಟ್ಟಿ ಮಾಡಿಕೊಂಡಿದ್ದ.

ಆಕಾಶ ತಿಳಿಯಾಗಿತ್ತು. ಪುಟ್ಟರಾಜುವಿನ ಹಿಂದೆ ಮೂರೇ ಹೆಜ್ಜೆ ಅಂತರದಲ್ಲಿ ಕರಿಬಸವಯ್ಯ ಓಡಿದ. ಅವನ ಬರಿಗಾಲು, ಜೇಬು, ಎಡಗೈ, ಈ ಮೂರನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಬಾಯಲ್ಲಿ ಮಾತ್ರ ಕಂಬದ ಎಣಿಕೆ. ಎಂಬತ್ತನ್ನು ದಾಟಿದ ಮೇಲೆ ಒಂದು ತಗ್ಗು ಬಂತು. ಅಲ್ಲಿ ಕರೆಂಟಿನ ಲೈನು ರಸ್ತೆ ಬಿಟ್ಟು ಹೊಲದೊಳಗೆ ಇಳಿದು, ದೂರದಲ್ಲಿ ಮತ್ತೆ ರಸ್ತೆಗೆ ಸೇರಿತ್ತು. ರಸ್ತೆಯ ಪಕ್ಕ ಅಷ್ಟುದ್ದಕ್ಕೂ, ಆರು ಕಂಬ ನಿಲ್ಲುವಷ್ಟು ದೂರ, ಕಂಬವೇ ಇಲ್ಲ. ತೊಂಬತ್ನಾಲ್ಕು ಎಂದು ಎಣಿಸುವಷ್ಟರಲ್ಲಿ ಎದುರಿಗೆ ಬ್ಯಾನರು, ಬಟ್ಟಲು ಹಿಡಿದ ಹೆಂಗಸರು. ತಿರುವು ಬಂದೇಬಿಟ್ಟಿತ್ತು. ಪುಟ್ಟರಾಜು ಎಡಗೈ ಚಾಚಿದ, ಒಬ್ಬಾಕೆ ಕೆಂಪು ಬೊಟ್ಟಿಟ್ಟಳು.

ಮಂಜು ಕವಿದಿದ್ದ ದಿನ ಕರಿಬಸವಯ್ಯನಿಗೆ ಈ ತಗ್ಗು ಕಂಡಿರಲಿಲ್ಲ. ಹೋದ ವರ್ಷವೂ ತಿರುವು ತೊಂಬತ್ನಾಲ್ಕಕ್ಕೇ ಇತ್ತು. ತೊಂಬತ್ತೊಂದರಲ್ಲಿ ಎದುರಾದ ಪುಟ್ಟರಾಜು ತಿರುವು ಮುಟ್ಟಿಯೇ ಬಂದಿದ್ದ. ಮೂರು ನಿಮಿಷದ ಲೆಕ್ಕ ಸರಿಯಾಗಿಯೇ ಇತ್ತು, ತಪ್ಪಿದ್ದು ತಾನು. ಆ ಗಾಬರಿಯಲ್ಲಿ, ಬ್ಯಾನರನ್ನು ಬಳಸಿ ತಿರುಗುತ್ತಿದ್ದ ಓಟದ ಹುಡುಗರ ಗುಂಪಿನೊಳಗೆ, ಪುಟ್ಟರಾಜುವಿನ ಬೆನ್ನು ನೋಡುತ್ತಲೇ ಅವನೂ ತಿರುಗಿ ಓಡಿದ. ಕೈ ಚಾಚಲಿಲ್ಲ.

ವಾಪಸು ಬರುವಾಗ ಅವನು ಕಂಬ ಎಣಿಸಲಿಲ್ಲ, ಜೇಬನ್ನೂ ನೋಡಲಿಲ್ಲ. ಸುಮ್ಮನೆ ಓಡಿದ. ಊರೊಳಗೆ ಬರುವಾಗ ಪುಟ್ಟರಾಜುವಿನ ಪಕ್ಕಕ್ಕೆ ಬಂದಿದ್ದ, ಬಸ್ ನಿಲ್ದಾಣ ಕಾಣುವಾಗ ಒಂದು ಮಾರು ಮುಂದಿದ್ದ. ನಲವತ್ತು ದಾಟಿದವರಿಗೆಂದು ಹಿಡಿದಿದ್ದ ದಾರ ಎದೆಗೆ ತಾಗಿತು. ಮೂರು ವರ್ಷದಿಂದ ಕಾದದ್ದು ಕೈಗೆ ಬಂದಿತ್ತು.

"ಕೈ ತೋರ್ಸಿ ಸಾರ್," ಎಂದ ಸುಧಾಕರ್.

ಕರಿಬಸವಯ್ಯ ಎಡಗೈ ಎತ್ತಿದ. ಬೆವರು ಬಿಟ್ಟರೆ ಅದರ ಮೇಲೆ ಏನೂ ಇರಲಿಲ್ಲ.

ಜನ ಸೇರಿದರು. ಅವರಲ್ಲಿ ಅವನಿಂದ ಮೀಟರಿನ ಹಿಂದೆ ಬಗ್ಗಿ ನೋಡಿಸಿಕೊಂಡವರೇ ಹೆಚ್ಚು. "ಮನೆಗೆ ಓಗ್ದೇನೆ ರೀಡಿಂಗ್ ಬರ್ಕಬಂದವ್ನೆ ಕಣ್ಲಾ," ಎಂದು ಯಾರೋ ಅಂದರು. ನಗು ಹರಡಿತು. "ನಾನು ಹೋಗಿದ್ದೆ, ದೇವರಾಣೆಗೂ ಹೋಗಿದ್ದೆ," ಎಂದು ಕರಿಬಸವಯ್ಯ ಎರಡು ಸಲ ಹೇಳಿದ. ಹೇಳುತ್ತಿದ್ದ ಹಾಗೆಯೇ, ಇದೇ ಮಾತನ್ನು ತನ್ನೆದುರು ಯಾರಾದರೂ ಹೇಳಿದ್ದರೆ ತಾನು ನಂಬುತ್ತಿದ್ದೆನೇ ಎಂದು ಯೋಚಿಸಿದ. ಆಗ ಹಿಂದಿನಿಂದ ಪುಟ್ಟರಾಜು ಮುಂದೆ ಬಂದ.

"ಇವ್ರು ತಿರುವ್ಗಂಟ ಬಂದವ್ರೆ ಕಣಣ್ಣ. ನನ್ ಬೆನ್ನಿಂದೆನೇ ಇದ್ರು, ಉಸ್ರು ಕೇಳ್ತಿತ್ತು."

ಸುಧಾಕರನಿಗೆ ಸಿಟ್ಟು ಬಂತು. "ನಿಯಮ ಯಾಕೆ ಮಾಡಿದ್ದು ಗೊತ್ತೇನಪ್ಪ ನಿಂಗೆ? ನಿನ್ನ ಮೇಲೇನೇ ಬಂದಿತ್ತು ಕಾಗ್ದ. ಓದು." ಫೈಲಿನಿಂದ ಮೂಗರ್ಜಿ ತೆಗೆದು ಅವನ ಕೈಗೆ ಕೊಟ್ಟ.

ಪುಟ್ಟರಾಜು ನಿಧಾನವಾಗಿ ಓದಿದ. ಒಂದು ಕಡೆ ಅವನ ಹಳದಿ ಬೆರಳು ನಿಂತಿತು. ಅಲ್ಲಿ 77 ಎಂದು ಬರೆದಿತ್ತು, ಎರಡಕ್ಕೂ ಅಡ್ಡಗೆರೆ. ಕರಿಬಸವಯ್ಯ ಆ ಬೆರಳನ್ನು ನೋಡಿದ, ಆಗ ಅವನಿಗೂ ಗೆರೆ ಕಂಡಿತು. ಪುಟ್ಟರಾಜು ತಲೆಯೆತ್ತಿ ಅವನ ಮುಖವನ್ನೊಮ್ಮೆ ನೋಡಿ, ಕಾಗದ ಮಡಚಿ ಸುಧಾಕರನಿಗೆ ವಾಪಸು ಕೊಟ್ಟ.

"ಮೊದಲ್ನೇದು ಇವ್ರಿಗೇ ಕೊಡಣ್ಣ. ಇವ್ರ ಬುಟ್ಟು ನಂಗೆ ಕೊಟ್ರೆ ಬರೋ ವರ್ಸ ಇನ್ನೊಂದು ಕಾಗ್ದ ಬತ್ತದೆ."

ಸೋತವನೇ ಸಾಕ್ಷಿ ಹೇಳಿದ ಮೇಲೆ ಸುಧಾಕರನಿಗೂ ಬೇರೆ ದಾರಿ ಇರಲಿಲ್ಲ. ಮೊದಲ ಬಹುಮಾನ ಒಂದು ಗೋಡೆ ಗಡಿಯಾರ. ಶಶಿರೇಖಾ ಅದನ್ನು ಅಡುಗೆಮನೆಯಲ್ಲಿ, ಮೂರು ಡಬ್ಬಗಳ ಮೇಲೆ ಮೊಳೆ ಹೊಡೆದು ನೇತುಹಾಕಿದಳು. "ಮೊದ್ಲು ಬಂದ್ರಲ್ಲ, ಈಗ್ಲೂ ಯಾಕೆ ಮುಖ ಇಂಗೆ?" ಎಂದು ಕೇಳಿದಳು. ಅವನು ಗಡಿಯಾರ ಎರಡು ನಿಮಿಷ ಮುಂದಿದೆ ಎಂದ. ಅದು ಸುಳ್ಳು. ನಿಜ ಏನೆಂದರೆ ಅವನಿಗೆ ನಾಚಿಕೆಯಾಗಿತ್ತು. ಅದರ ಜೊತೆಗೆ ಹಳೆಯ ಚಾಳಿ ಬೇರೆ. ಪುಟ್ಟರಾಜುವಿಗೆ ನಿಜಕ್ಕೂ ಗೊತ್ತಾಗಿದೆಯೋ, ಗೊತ್ತಾಗಿದ್ದರೆ ಯಾಕೆ ಬಾಯಿ ಬಿಡಲಿಲ್ಲ, ಯಾವತ್ತಿಗೆ ಎಂದು ಇಟ್ಟುಕೊಂಡಿದ್ದಾನೆ?

ಮುಂದಿನ ತಿಂಗಳು ರೀಡಿಂಗಿಗೆ ಬೇಗೂರಿಗೆ ಹೋಗಲೇಬೇಕಾಯಿತು. ಪುಟ್ಟರಾಜುವಿನ ಮನೆಯನ್ನು ಕೊನೆಗಿಟ್ಟುಕೊಂಡ, ಅವನು ಗಿರಣಿಗೆ ಹೋಗಿರಲಿ ಎಂದು. ಆದರೆ ಪುಟ್ಟರಾಜು ಜಗಲಿಯ ಮೇಲೇ ಕೂತಿದ್ದ. ಎದ್ದು ಬಾಗಿಲು ಸರಿಸಿ, ಮೊಳೆಯಿಂದ ಕಾರ್ಡು ತೆಗೆದುಕೊಟ್ಟ. ಕರಿಬಸವಯ್ಯ ಈ ಸಲ ಮೀಟರಿನ ಹಿಂದೆ ಬಗ್ಗಿ ನೋಡಲಿಲ್ಲ. ರೀಡಿಂಗು 3171. ಮೂರು ಬರೆದ, ಒಂದು ಬರೆದ. ಏಳು ಬರೆಯುವಾಗ ಕೈ ತಡೆಯಿತು. ಜೀವಮಾನದಲ್ಲಿ ಮೊದಲ ಸಲ ಗೆರೆ ಎಳೆಯದೆ ಏಳು ಬರೆದು, ಒಂದು ಬರೆದು, ಕಾರ್ಡು ಹಿಂದಕ್ಕೆ ಕೊಟ್ಟ.

ಪುಟ್ಟರಾಜು ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಗೆರೆ ಮರ್ತ್ರಿ ಸ್ವಾಮಿ," ಎಂದ. "ಇಂಗೇ ಬುಟ್ರೆ ಯಾರಾರ ಒಂದು ಮಾಡ್ಬುಟ್ಟಾರು."

"ಪುಟ್ಟರಾಜು, ಆ ಕಾಗದ..."

"ಮೊದ್ಲು ಗೆರೆ ಎಳೀರಿ."

ಕರಿಬಸವಯ್ಯ ಎಳೆದ. ಗೆರೆ ಸೊಟ್ಟಗಾಯಿತು. ಪುಟ್ಟರಾಜು ಕಾರ್ಡು ತೆಗೆದುಕೊಂಡು ಮೊಳೆಗೆ ನೇತುಹಾಕಿದ. ಅದರ ಅಂಚಿಗೆ ಅವನ ಬೆರಳಿನ ಅರಿಸಿನ ಹತ್ತಿತ್ತು.