ಕಾಡಿಗೆ ಬಟ್ಟೆ ಹಾಸಿದವರು

ಉಡುಪರು ಕಾಡೊಳಗೆ ಬಿಳಿ ಬಟ್ಟೆ ಎಳೆದುಕೊಂಡು ಹೋಗುತ್ತಿದ್ದರು. ಹತ್ತು ಹೆಜ್ಜೆಗೊಮ್ಮೆ ಕುಕ್ಕರಗಾಲಲ್ಲಿ ಕೂತು, ಬಟ್ಟೆಗೆ ಹತ್ತಿದ, ರಕ್ತ ಹೀರುವ ಉಣುಗುಗಳನ್ನು ಚಿಮಟದಿಂದ ಹೆಕ್ಕಿ ಸೀಸೆಗೆ ತುಂಬುವುದು. ಮಂಗನ ಕಾಯಿಲೆ ಹರಡುವ ಉಣುಗಿನ ಮೇಲೆ ಅವರ ಸಂಶೋಧನೆ. ಕೀಟಶಾಸ್ತ್ರದಲ್ಲಿ ಡಾಕ್ಟರೇಟು ಆದವರು ಕಾಡು ಒರೆಸುವುದನ್ನು ಕಂಡು ನಮ್ಮೂರು ನಕ್ಕಿತು. ಬಾರ್ಕೂರಿನ ಈ ಮನುಷ್ಯ ಬೈಂದೂರಿನ ಮೂಡಲ ಬದಿಯ ನಮ್ಮ ಮನೆಯ ಹೊರಕೋಣೆಯಲ್ಲಿ ಎರಡು ವರ್ಷ ಇದ್ದರು. ಊಟಕ್ಕೆ ಕೂರುವ ಮೊದಲು ಪ್ಯಾಂಟಿನ ಮಡಿಕೆ ಬಿಡಿಸಿ ನೋಡುವುದು ಅವರ ಸಂಧ್ಯಾವಂದನೆ.

ಒಂದು ದಿನ ಹಟ್ಟಿಯಲ್ಲಿ ನಮ್ಮ ಮುದಿ ದನದ ಕಿವಿ ಮಡಚಿ ಅಮ್ಮನಿಗೆ ತೋರಿಸಿದರು. "ಕಾಣಿ ಅಮ್ಮ, ಕಚ್ಚಿಸ್ಕಂಡ್ ಕಚ್ಚಿಸ್ಕಂಡ್ ಇದ್ರ್ ಮೈ ಕಲ್ತಿತ್. ಉಣುಗು ಕಚ್ಚಿರೂ ಅದ್ಕ್ ಹೊಟ್ಟೆ ತುಂಬ ರಕ್ತ ಸಿಕ್ಕುದಿಲ್ಲೆ."

"ಹಂಗಾರೆ ನನ್ ಮೈಯೂ ಕಲ್ತಿಪ್ಪುದೇ," ಎಂದಳು ಅಮ್ಮ. ಹಟ್ಟಿಗೆ ಹಾಸಲು ಚಿಕ್ಕಂದಿನಿಂದ ಕಾಡಿನ ತರಗೆಲೆ ಹೊತ್ತವಳು. ಉಡುಪರು ನಕ್ಕುಬಿಟ್ಟರು.

ಆ ರಾತ್ರಿ ನನ್ನ ಮೇಜಿನ ಬಳಿ ಬಂದು ನಿಂತರು. "ನಾ ನೆಗಾಡ್ಬಾರ್ದಿತ್ತ್ ಮಾಷ್ಟ್ರೆ. ಅದ್ ದನದ್ ಮಾತ್. ಉಣುಗಿನ್ ಒಳ್ಗಿಪ್ಪು ಜ್ವರ ಬೇರೆ. ಮೂಡ್ಬದಿ ಹಾಡಿಯಂಗೆ ಮಂಗ ಸತ್ತಿತ್. ಅಮ್ಮ ಅಲ್ಲಿಗ್ ಹೋಪುದ್ ಬ್ಯಾಡ, ಹೇಳ್ಬಿಡಿ." ಅಮ್ಮ ಆಗಲೇ ಮಲಗಿದ್ದಳು, ಸೀಸೆಗಳನ್ನು ಪ್ರಯೋಗಾಲಯಕ್ಕೆ ಒಪ್ಪಿಸಲು ಉಡುಪರು ಬೆಳಗಿನ ಮೊದಲ ಬಸ್ಸು ಹಿಡಿಯಬೇಕಿತ್ತು. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದ ನಾನು ಹೂಂ ಎಂದೆ.

ಹೇಳಲಿಲ್ಲ. ಮರೆತೆ, ಅಷ್ಟೇ.

ಮರುದಿನ ಅಮ್ಮ ಮಂಗ ಸತ್ತ ಆ ಹಾಡಿಯ ಮರಗಳ ಬುಡದಿಂದಲೇ ಎರಡು ಹೊರೆ ತರಗೆಲೆ ತಂದಳು. ವಾರದೊಳಗೆ ಜ್ವರ ಬಂತು, ಹನ್ನೆರಡನೆಯ ದಿನ ಹೋದಳು. ನನಗೆ ಅಳು ಬರಲಿಲ್ಲ. ಉಳಿದ ಉತ್ತರಪತ್ರಿಕೆಗಳನ್ನು ತಿದ್ದಿ ಮುಗಿಸಿದೆ. ಉಡುಪರು ಹಟ್ಟಿಯಲ್ಲಿ ಆ ದನದ ಪಕ್ಕ ಕೂತೇ ಇದ್ದರು. ತಿಂಗಳೊಳಗೆ ಕೋಣೆ ಖಾಲಿ ಮಾಡಿದರು.

ಬಹಳ ವರ್ಷಗಳ ಮೇಲೆ ಕುಂದಾಪುರದ ಬಸ್ ನಿಲ್ದಾಣದಲ್ಲಿ ಸಿಕ್ಕಿದರು. ನಿವೃತ್ತರಾಗಿದ್ದರು, ತೀರಾ ಇಳಿದುಹೋಗಿದ್ದರು. ಬೆಂಚಿನ ಮೇಲೆ ಕೂತ ಕೂಡಲೇ ಕೈ ಪ್ಯಾಂಟಿನ ಮಡಿಕೆಗೆ ಹೋಯಿತು.

"ನೀವ್ ಹೇಳಿರೂ ಅಮ್ಮ ಕೇಣ್ಲಿಲ್ಲ," ಎಂದರು. "ಅವ್ರ್ ಆವತ್ತಿನ್ ನನ್ ನೆಗಿನೇ ನಂಬಿರ್."

ಹೇಳಬೇಕಾದ ಮಾತು ಬಾಯಿಯವರೆಗೂ ಬಂದಿತ್ತು. ಅಷ್ಟರಲ್ಲಿ ಅವರ ಬ್ರಹ್ಮಾವರದ ಬಸ್ಸು ಬಂತು. ಕೈಚೀಲ ಎತ್ತಿಕೊಟ್ಟೆ, ಹತ್ತಿಸಿದೆ.

ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ನಾನು ಅಮ್ಮನಿಗೆ ಹೇಳಿದ್ದೆ ಎಂದೇ ಕೊನೆಯವರೆಗೂ ನಂಬಿದ್ದರು.