ಪಲ್ಪರ್ ನೀರು ಕುಡಿದ ಹೊಂಡ

ಗರ್ರ್, ಗರ್ರ್, ನಡುವೆ ಒಂದು ಕೆಮ್ಮು. ಕಾಫಿ ಹಣ್ಣು ಸುಲಿಯುವ ಪಲ್ಪರಿನ ಸದ್ದು ಅದು. ಮೊನ್ನೆ ಮೊಮ್ಮಗಳು ಮಿಕ್ಸಿ ಹಾಕಿದಾಗ ಥೇಟ್ ಹಾಗೇ ಕೇಳಿ, ಕೈಯಲ್ಲಿದ್ದ ಕಪ್ ಕೆಳಗಿಟ್ಟುಬಿಟ್ಟೆ.

ಬ್ರಿಟಿಷರ ಕಾಲ. ಅಪ್ಪ ಮಲ್ಲಂದೂರು ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರು. ನಾನು ಕಾನ್ವೆಂಟ್ ಬೋರ್ಡಿಂಗಿನಿಂದ ಕ್ರಿಸ್‌ಮಸ್ ರಜೆಗೆ ಬಂದ ಹನ್ನೊಂದರ ಹುಡುಗಿ. ನೇಚರ್ ಸ್ಟಡಿಯಲ್ಲಿ ಮೀನಿನ ಚಿತ್ರಕ್ಕೆ ‘ವೆರಿ ಗುಡ್’ ಸಿಕ್ಕಿತ್ತು. ಇನ್ನು ಮೀನಿನ ಬಗ್ಗೆ ನನಗೆ ಯಾರು ಹೇಳಿಕೊಡಬೇಕು, ನೀವೇ ಹೇಳಿ!

ಪಲ್ಪಿಂಗ್ ಹೌಸಿನ ಕೆಳಗೊಂದು ಹೊಂಡ. ಅದರ ಬೆರಳುದ್ದದ ಮೀನುಗಳು ಸೊಳ್ಳೆಮರಿ ತಿನ್ನುವುದರಿಂದಲೇ ಆಳುಗಳ ಕೂಲಿಲೈನಿನ ಮನೆಗಳಲ್ಲಿ ಮಲೇರಿಯಾ ಕಡಿಮೆಯೆಂದು ಎಸ್ಟೇಟಿನ ಬಿಳಿ ದೊರೆಯ ನಂಬಿಕೆ. ಸಿಪ್ಪೆ, ಲೋಳೆ ತುಂಬಿದ ಪಲ್ಪರ್ ನೀರು ಹೊಂಡಕ್ಕೆ ಸೇರದಂತೆ ಚರಂಡಿಯ ಹಲಗೆ ಕಾಯುವುದು ಹಸನಬ್ಬ ಕಾಕನ ಕೆಲಸ.

ಆ ನೀರಿಗೋ, ಬೆಲ್ಲದಂಥ ವಾಸನೆ. ಮೀನುಗಳಿಗೂ ಒಂದು ಕ್ರಿಸ್‌ಮಸ್ ಟ್ರೀಟ್ ಆಗಲಿ ಅನ್ನಿಸಿತು. ಕಾಕ ಮಧ್ಯಾಹ್ನದ ನಮಾಜಿಗೆ ಹೋದಾಗ ಹಲಗೆ ಎತ್ತಿದೆ. ಅಮ್ಮ ಊಟಕ್ಕೆ ಕರೆದಳು. ಅವಸರದಲ್ಲಿ ಹಲಗೆಯನ್ನು ಸೊಟ್ಟಗೆ ಇಟ್ಟು ಓಡಿದೆ.

ಮರುದಿನ ಬೆಳಿಗ್ಗೆ ಹೊಂಡದ ತುಂಬ ತೆರೆದ ಬಾಯಿಗಳು.

“ನೋಡಿ ಕಾಕ, ಇನ್ನೂ ಬೇಕು ಅಂತಿವೆ!” ಎಂದೆ.

“ಬೇಕಾಗಿರೋದು ಉಸಿರು! ಆ ನೀರು ಕೊಳೆತು ಹೊಂಡದ ಗಾಳಿಯೆಲ್ಲ ತಿಂದಿದೆ. ಬಕೆಟ್ ಹಿಡೀರಿ ಸಣ್ಣಮ್ಮ! ಎತ್ತರದಿಂದ ಸುರೀರಿ ಮಾರಾಯ್ರೇ, ನೀರಿಗೆ ಗಾಳಿ ಸೇರ್ಲಿ!”

ಅವರು ಹಲಗೆ ಸರಿಪಡಿಸಿ ಹಳ್ಳದ ನೀರನ್ನು ಹೊಂಡಕ್ಕೆ ತಿರುಗಿಸಿದರು. ನಾನು ಭುಜ ಬಿದ್ದುಹೋಗುವವರೆಗೆ ಸುರಿದೆ. ಆದರೂ ಮುಕ್ಕಾಲು ಪಾಲು ಬೆಳ್ಳಗೆ ಮಗುಚಿ ತೇಲಿದವು.

ದೊರೆ ಬಂದರು. ಹಲಗೆ ಎತ್ತಿದ್ದು ಯಾರೆಂಬ ಪ್ರಶ್ನೆಗೆ ಕಾಕ ನೆಲ ನೋಡುತ್ತ ನಿಂತರು. “ಇಟ್ ವಾಸ್ ಮಿ, ಸರ್,” ಎಂದೆ. ದೊರೆ “ಬ್ರೇವ್ ಗರ್ಲ್” ಎಂದು ನನ್ನ ತಲೆ ಸವರಿದರು. ಬಳಿಕ, ಕಾವಲು ಬಿಟ್ಟು ಹೋಗುವವನು ನಾಳೆಯಿಂದ ಬೇಡ ಎಂದು ಅಪ್ಪನಿಗೆ ಇಂಗ್ಲಿಷಿನಲ್ಲೇ ಹೇಳಿದರು. ಅಪ್ಪ ಅದೊಂದನ್ನು ಮಾತ್ರ, ಇಂಗ್ಲಿಷ್ ಬಾರದ ಕಾಕನಿಗೆ ಕನ್ನಡದಲ್ಲಿ ತಿಳಿಸಿದರು. ನಾನು ಬಾಯಿ ತೆರೆದೆ. ಅಪ್ಪನ ಕಣ್ಣು ನೋಡಿ ಮುಚ್ಚಿದೆ.

ನಾಲ್ಕಾರು ದಿನ ಕಳೆದು ಹೊಂಡದ ವಾಸನೆ ಹೋದ ಮೇಲೆ, ಕೆಲಸವಿಲ್ಲದ ಕಾಕ ಒಂದು ಮಡಕೆ ಮೀನು ಹಿಡಿದು ಬಂದರು. ಸುರಿಯಲು ನಾನು ಕೈ ಚಾಚಿದೆ.

“ತಡೀರಿ. ಮಡಕೆ ನೀರು ಬೇರೆ, ಹೊಂಡದ ನೀರು ಬೇರೆ. ಒಮ್ಮೆಲೇ ಬಿಟ್ರೆ ತಡ್ಕೊಳ್ಳಲ್ಲ.”

ಮಡಕೆಯನ್ನು ಹೊಂಡದಲ್ಲಿ ಕುತ್ತಿಗೆಯವರೆಗೆ ಇಳಿಸಿ, ಆಗಾಗ ಒಂದು ಬೊಗಸೆ ಹೊಂಡದ ನೀರು ಬೆರೆಸುತ್ತ ಕುಳಿತರು.

“ಪೇಟೆ ಕೆರೇಲಿ ಇನ್ನೂ ದೊಡ್ಡವು ಸಿಗಲ್ವ?” ಎಂದೆ.

“ಅವು ರೋಗ ತರ್ತಾವೆ, ಇಲ್ಲಾ ಉಳಿದಿರೋ ಇವನ್ನೂ ನುಂಗ್ತಾವೆ. ಇವು ಇದೇ ಹಳ್ಳದವು. ಇವತ್ತು ನಾಲ್ಕೇ ಬಿಡೋದು. ಬದುಕಿದ್ರೆ ನಾಳೆ ಉಳಿದವು.”

ನಾಲ್ಕನ್ನು ಬಿಟ್ಟ ಮೇಲೆ ನನ್ನತ್ತ ನೋಡದೆ ಕೇಳಿದರು: “ಸಣ್ಣಮ್ಮ, ಅವತ್ತು ದೊರೆ ಹತ್ರ ನನ್ ಮೇಲೆ ಏನ್ ಹೇಳಿದ್ರಿ?”

ನಿಜ ಹೇಳುವಷ್ಟು ಕನ್ನಡ ನನಗೆ ಬರುತ್ತಿತ್ತು.

“ಏನಿಲ್ಲ ಕಾಕ,” ಎಂದೆ.

ಅವರು ತಲೆಯಾಡಿಸಿ, ಮಡಕೆಯನ್ನು ಹೊಂಡದಲ್ಲೇ ಬಿಟ್ಟು, ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ ಮೂಡಿಗೆರೆ ದಾರಿ ಹತ್ತಿದರು. ತಿರುವಿನಲ್ಲಿ ನಿಂತು ಕೂಗಿದರು: “ಉಳಿದವು ನಾಳೆ, ಸಣ್ಣಮ್ಮ! ಅವಸರ ಮಾಡ್ಬೇಡಿ!”

ನಾನವರನ್ನು ನೋಡಿದ್ದು ಅದೇ ಕೊನೆ.