ಎರಡು ಹಂಡೆಗಳ ಬೆಳಕು

ಫಿಟ್ಟರಣ್ಣನ ಕೆಲಸ ಏನೆಂಬುದು ಇಪ್ಪತ್ತು ವರ್ಷ ಸಂಸಾರ ಮಾಡಿದರೂ ಹೆಂಡತಿಯ ತಲೆಗೆ ಹತ್ತಿರಲಿಲ್ಲ. ಕೇಳಿದವರಿಗೆ "ಅದೇನೋ ಕನ್ನಡಿ ತಿರುಗಿಸ್ತಾರಂತೆ" ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದಳು. ಸುಳ್ಳೇನಲ್ಲ. ಅವನ ಪ್ರಯೋಗಾಲಯದಲ್ಲಿ ಎರಡು ಸ್ಟೀಲ್ ಹಂಡೆಗಳು. ಒಂದೊಂದರೊಳಗೂ ಕೊರೆಯುವ ಚಳಿಯಲ್ಲಿಟ್ಟ ಅರೆವಾಹಕದ ಚೂರು. ಲೇಸರ್ ತಾಗಿಸಿದರೆ ಅದು ಒಂದು ಸಲಕ್ಕೆ ಒಂದೇ ಒಂದು ಫೋಟಾನ್, ಅಂದರೆ ಬೆಳಕಿನ ಒಂದೇ ಕಾಳು, ಉಗುಳುತ್ತದೆ. ಎರಡೂ ಹಂಡೆಯ ಕಾಳುಗಳನ್ನು ಅರ್ಧ ಬೆಳಕು ಹಾಯಿಸಿ ಅರ್ಧ ತಿರುಗಿಸುವ ಒಂದು ಅರೆಗನ್ನಡಿಯ ಮೇಲೆ ಒಂದೇ ಕ್ಷಣಕ್ಕೆ ತಂದು ಕೂಡಿಸಬೇಕು. ಬೇರೆ ಬೇರೆ ಮನೆಯಲ್ಲಿ ಹುಟ್ಟಿದರೂ ತದ್ರೂಪವಾಗಿದ್ದರೆ ಅವು ಜೊತೆಯಾಗಿ ಅದರ ಎರಡು ಬಾಗಿಲಲ್ಲಿ ಒಂದರಿಂದಲೇ ಹೊರಡುತ್ತವೆ. ಆಗ, ಎರಡೂ ಬಾಗಿಲಲ್ಲಿ ಒಟ್ಟಿಗೇ ಕಾಳು ಕಾಣಿಸಿದ ಸಲಗಳ ಎಣಿಕೆ ಸೊನ್ನೆಯ ಹತ್ತಿರಕ್ಕೆ ಬೀಳುತ್ತದೆ. ಬಿದ್ದರೇ ಗೆಲುವು! ಎಂಥ ವಿಚಿತ್ರ ಕಸುಬು ನೋಡಿ.

ಒಂಬತ್ತು ವರ್ಷ ಅದು ಬೀಳಲಿಲ್ಲ. ಪ್ರಯೋಗ ನಡೆಸುವ ಮೇಡಂ ತಲೆ ನರೆತುಹೋಯಿತು. ನಾಳೆ ಹಂಡೆ ಬಿಚ್ಚಿ ಕೋಣೆ ಖಾಲಿ ಮಾಡಿ ಎಂದು ಮೇಲಿನವರ ಆದೇಶವೂ ಬಂದಾಗಿತ್ತು.

ಆ ಕೊನೆಯ ದಿನ ಮಧ್ಯಾಹ್ನ ಮೂರಕ್ಕೆ ಎಣಿಕೆ ಬಿತ್ತು.

"ಫಿಟ್ಟರಣ್ಣ, ಬಿತ್ತು ಕಣ್ರೀ!" ಮೇಡಂ ಕುರ್ಚಿಯಿಂದ ಎದ್ದೇ ಬಿಟ್ಟರು. ಅವರು ಹಾಗೆ ನಕ್ಕಿದ್ದನ್ನು ಅವನು ನೋಡಿದ್ದು ಅದೇ ಮೊದಲು. ತಕ್ಷಣ ಫೋನು ಹಚ್ಚಿದರು. "ಅಕ್ಕಾ, ಆಯ್ತು ಕಣಕ್ಕಾ! ಕೊನೆಗೂ ಆಯ್ತು!"

ಫಿಟ್ಟರಣ್ಣನಿಗೂ ಖುಷಿಯೇ. ಆದರೆ ಕೈ ಸುಮ್ಮನಿರಬೇಕಲ್ಲ! ಯಾವ ಹಂಡೆಯಿಂದ ಎಷ್ಟು ಬೆಳಕು ಬರುತ್ತಿದೆ ಎಂದು ತೋರಿಸುವ ಪುಟ್ಟ ಪರದೆಯೊಂದಿತ್ತು. ಅದರ ಹೊಳಪು ಪ್ರಯೋಗಕ್ಕೆ ತಾಗದಿರಲೆಂದು ಅವನೇ ಕಪ್ಪು ಬಟ್ಟೆ ಹೊದಿಸಿದ್ದ. ಈಗ ಬಟ್ಟೆ ಎತ್ತಿದ. ಎರಡನೇ ಹಂಡೆಯದು ಸೊನ್ನೆ. ಅದರ ದಾರಿಯಲ್ಲಿದ್ದ ಕನ್ನಡಿಯ ತಿರುಪು ಸಡಿಲವಾಗಿ ಬೆಳಕು ಗೋಡೆಗೆ ಹೋಗುತ್ತಿತ್ತು. ಕಾಳುಗಳು ಜೊತೆ ಸೇರುವುದಿರಲಿ, ಎರಡನೆಯದು ಬಂದೇ ಇರಲಿಲ್ಲ; ಎಣಿಕೆ ಬಿದ್ದದ್ದು ಅದಕ್ಕೇ. ಆ ತಿರುಪು ಬಿಗಿ ಮಾಡಿ ಎಂದು ಮೇಡಂ ನಿನ್ನೆಯೇ ಹೇಳಿದ್ದರು. ನಾಳೆ ಮಾಡಿದರಾಯಿತು ಎಂದು ಮನೆಗೆ ಹೋದ ಮಹಾನುಭಾವ ಇವನೇ.

ಬಟ್ಟೆ ಮತ್ತೆ ಇಳಿಬಿಟ್ಟರೆ? ನಾಳೆ ಎಲ್ಲ ಬಿಚ್ಚಿಹೋಗುತ್ತದೆ, ಕೇಳುವವರು ಯಾರು? ಅದರ ಅಂಚು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ.

"ಮೇಡಂ... ಕನ್ನಡಿ ಜಾರಿದೆ. ನಿನ್ನೆ ನಾನು ಬಿಗಿ ಮಾಡ್ಲಿಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಸರಿ ಮಾಡಿ, ನೋಡೋಣ" ಎಂದರಷ್ಟೆ. ಅವನು ತಿರುಪು ಬಿಗಿ ಮಾಡಿದ. ಎಣಿಕೆ ಸರಸರ ಏರಿ, ಒಂಬತ್ತು ವರ್ಷ ನಿಂತಿದ್ದ ಜಾಗದಲ್ಲೇ ಹೋಗಿ ನಿಂತಿತು.

ಐದು ಗಂಟೆಯವರೆಗೆ ಇಬ್ಬರೂ ಅದನ್ನೇ ನೋಡುತ್ತ ಕೂತರು. ಅದು ಕದಲಲಿಲ್ಲ. ಆಮೇಲೆ ಮೇಡಂ ಫೋನು ಕೈಗೆತ್ತಿಕೊಂಡರು.

"ಅಕ್ಕಾ," ಎಂದರು, "ಎಲ್ಲರಿಗೂ ಹೇಳಿಬಿಟ್ಯಾ?"